ರೀಸ್ಟಾರ್ಟ್ ಮಾಡುವ ಮುನ್ನ ಒಂದು ನಿಮಿಷ

ಮನೆಯ ಇಂಟರ್ನೆಟ್ ನಿಂತಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಯಾವ ಕಂಪನಿಯಾದರೂ ಮೊದಲು ಹೇಳುವುದು ಒಂದೇ ಮಾತು: "ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್." ಮಾಡುತ್ತೇವೆ, ನೆಟ್ ಬರುತ್ತದೆ, ದೂರು ಬಗೆಹರಿದಿದೆ ಎಂದು ಎಸ್‌ಎಂಎಸ್ ಬರುತ್ತದೆ. ಸಂಜೆ ಆಫೀಸ್ ಮೀಟಿಂಗ್ ನಡುವೆ ಮತ್ತೆ ಹೋಗುತ್ತದೆ. ಮತ್ತೆ ಫೋನ್, ಹೊಸ ಟಿಕೆಟ್ ನಂಬರ್, ಅದೇ ಮಾತು. ತಿಂಗಳ ಕೊನೆಗೆ ಬಿಲ್ ಮಾತ್ರ ಪೂರ್ತಿ ಬರುತ್ತದೆ.

ದೂರು ಹೀಗೆ ಸುತ್ತು ಹೊಡೆಯುವುದಕ್ಕೆ ಮುಖ್ಯ ಕಾರಣ ಆ ರೀಸ್ಟಾರ್ಟೇ. ರೌಟರ್ ಮೆಮೊರಿ ತುಂಬಿ ಕಟ್ಟಿಕೊಂಡಿದ್ದರೂ ರೀಸ್ಟಾರ್ಟ್‌ನಿಂದ ಸರಿಹೋಗುತ್ತದೆ. ಅಡಾಪ್ಟರ್ ಸೋತಿದ್ದರೂ, ಚಿಪ್ ಬಿಸಿಯಾಗಿದ್ದರೂ, ಲಾಗಿನ್ ಸೆಷನ್ ಸಿಕ್ಕಿಕೊಂಡಿದ್ದರೂ, ವೈಫೈ ಚಾನೆಲ್‌ನಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲವಿದ್ದರೂ ಸ್ವಲ್ಪ ಹೊತ್ತು ಸರಿಹೋಗುತ್ತದೆ. ಐದು ಬೇರೆ ಬೇರೆ ದೋಷಗಳನ್ನು ಒಂದೇ ರೀತಿ ಮುಚ್ಚಿಹಾಕುವ ಉಪಾಯದಿಂದ ಯಾವ ದೋಷ ಎಂಬುದು ಗೊತ್ತಾಗುವುದಿಲ್ಲ. ಮೇಲಾಗಿ, ಮನೆಗೆ ಕೊಡುವ ಬಹುಪಾಲು ರೌಟರ್‌ಗಳು ತಮ್ಮ ಲಾಗನ್ನು, ಅಂದರೆ ಏನೇನಾಯಿತು ಎಂಬ ದಾಖಲೆಯನ್ನು, ತಾತ್ಕಾಲಿಕ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತವೆ. ಕರೆಂಟ್ ತೆಗೆದ ಕ್ಷಣಕ್ಕೆ ಅದು ಅಳಿಸಿಹೋಗುತ್ತದೆ. ಎಷ್ಟು ಹೊತ್ತಿನಿಂದ ರೌಟರ್ ಓಡುತ್ತಿತ್ತು, ಲೈನ್ ಎಷ್ಟು ಗಂಟೆಗೆ ಕಡಿಯಿತು ಎಂಬ ದಾಖಲೆಯೆಲ್ಲ ಹೋದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು "ನೆಟ್ ಹೋಗ್ತಾ ಇರುತ್ತೆ" ಎಂಬ ಮಾತೊಂದೇ. ಅಂಥ ದೂರನ್ನು ಮುಚ್ಚುವುದು ಕಂಪನಿಗೆ ಬಹಳ ಸುಲಭ.

ಹಾಗಾಗಿ ಸ್ವಿಚ್ಚಿಗೆ ಕೈ ಹಾಕುವ ಮೊದಲು ಒಂದು ನಿಮಿಷ ನಿಂತು ನೋಡಬೇಕು. ಏನು ನೋಡಬೇಕು ಎನ್ನುವುದಕ್ಕೇ ಈ ಬರಹ.

ಫೈಬರ್ ಸಂಪರ್ಕವಿರುವ ಮನೆಯಲ್ಲಿ ನಾವು ರೌಟರ್ ಎಂದು ಕರೆಯುವ ಬಿಳಿ ಡಬ್ಬಿಗೆ ಕಂಪನಿಯವರು ಓಎನ್‌ಟಿ ಅನ್ನುತ್ತಾರೆ, ಕೇಬಲ್‌ನವರು ಓಎನ್‌ಯು ಅನ್ನುತ್ತಾರೆ. ಫೈಬರ್‌ನಲ್ಲಿ ಬರುವ ಬೆಳಕನ್ನು ಹಿಡಿಯುವ ಭಾಗ, ರೌಟರ್, ಹಿಂದಿನ ನಾಲ್ಕು ಪೋರ್ಟ್‌ಗಳ ಸ್ವಿಚ್, ವೈಫೈ ರೇಡಿಯೋ, ಎಲ್ಲ ಆ ಒಂದೇ ಡಬ್ಬಿಯೊಳಗಿವೆ. ಇವು ಒಟ್ಟಿಗೇ ಕೆಡಬೇಕೆಂದಿಲ್ಲ. ಬೆಳಕು ಹಿಡಿಯುವ ಭಾಗ ಚೆನ್ನಾಗಿದ್ದು ವೈಫೈ ಸತ್ತಿರಬಹುದು. ಸಿಡಿಲಿಗೆ ಒಂದು ಪೋರ್ಟ್ ಮಾತ್ರ ಸುಟ್ಟು ಉಳಿದದ್ದೆಲ್ಲ ಓಡುತ್ತಿರಬಹುದು.

ಮೊದಲು ದೀಪಗಳು. ಪಾನ್ (PON) ಎಂದು ಬರೆದಿರುವ ದೀಪ ಅಲುಗಾಡದೆ ಹಸಿರಾಗಿದ್ದರೆ ಡಬ್ಬಿಗೂ ಕಂಪನಿಯ ಯಂತ್ರಕ್ಕೂ ಮಾತುಕತೆ ನಡೆದಿದೆ. ಅದು ಮಿಣುಕುತ್ತಿದ್ದರೆ ಬೆಳಕು ಬರುತ್ತಿದೆ, ನೋಂದಣಿ ಆಗುತ್ತಿಲ್ಲ. ಲಾಸ್ (LOS) ದೀಪ ಕೆಂಪಾಗಿ ಮಿಣುಕಿದರೆ ಬೆಳಕೇ ಬರುತ್ತಿಲ್ಲ ಅಥವಾ ಸಾಲದಷ್ಟು ಬರುತ್ತಿದೆ. ಆಗ ರೌಟರನ್ನು ಹತ್ತು ಸಲ ರೀಸ್ಟಾರ್ಟ್ ಮಾಡಿದರೂ ಉಪಯೋಗವಿಲ್ಲ. ಪಾನ್ ಹಸಿರಾಗಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಫೈಬರ್ ಸರಿಯಿದೆ, ಲಾಗಿನ್ ಆಗುತ್ತಿಲ್ಲ. ಬಿಲ್ ಬಾಕಿಯೋ, ಕಂಪನಿಯ ಸರ್ವರ್ ತೊಂದರೆಯೋ, ಪಾಸ್‌ವರ್ಡ್ ಅಳಿಸಿಹೋಗಿದೆಯೋ, ಈ ಮೂರರಲ್ಲೊಂದು. ದೀಪಗಳ ಫೋಟೋ ತೆಗೆದಿಡಿ. ಫೋಟೋದಲ್ಲಿ ಹೊತ್ತು ತಾನಾಗಿ ದಾಖಲಾಗುತ್ತದೆ.

ದೀಪಗಳೆಲ್ಲ ಒಮ್ಮೆಲೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿವೆ ಎಂದಾದರೆ ಡಬ್ಬಿ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಇಲ್ಲಿ ಮೊದಲ ಅನುಮಾನ ಅಡಾಪ್ಟರ್ ಮೇಲೆ ಇರಬೇಕು. ಬೇರೆ ಎಲ್ಲ ಭಾಗಗಳಿಗಿಂತ ಹೆಚ್ಚು ಬೇಸರ ತರಿಸುವುದು ಮತ್ತು ಅತಿ ಕಡಿಮೆ ಖರ್ಚಿನಲ್ಲಿ ಸರಿಹೋಗುವುದು ಎರಡೂ ಇದೇ. ಸಾಮಾನ್ಯವಾಗಿ ಅದು 12 ವೋಲ್ಟ್, 1 ಆಂಪಿಯರ್‌ನದು. ಒಳಗೆ ಕರೆಂಟಿನ ಏರಿಳಿತವನ್ನು ಸಮ ಮಾಡುವ ಸಣ್ಣ ಉರುಳೆಯಂಥ ಕೆಪಾಸಿಟರ್‌ಗಳಿರುತ್ತವೆ, ಅವುಗಳೊಳಗೆ ದ್ರವ. ಹಗಲು ರಾತ್ರಿ ಪ್ಲಗ್‌ನಲ್ಲೇ ಇದ್ದು ಬಿಸಿಯಾಗುವ ಅಡಾಪ್ಟರ್‌ನಲ್ಲಿ ಆ ದ್ರವ ಎರಡು ಮೂರು ವರ್ಷಕ್ಕೆ ಒಣಗುತ್ತಾ ಬರುತ್ತದೆ. ಕೆಪಾಸಿಟರ್ ತಲೆ ಉಬ್ಬುತ್ತದೆ. ಆಮೇಲೆ ಅಡಾಪ್ಟರ್ 12 ವೋಲ್ಟನ್ನೇನೋ ಕೊಡುತ್ತದೆ, ಆದರೆ ಹೊರೆ ಬಿದ್ದಾಗ ತಡೆಯುವುದಿಲ್ಲ.

ಇಲ್ಲೇ ಅನೇಕರು, ಕೆಲವು ಟೆಕ್ನಿಷಿಯನ್‌ಗಳೂ, ದಾರಿ ತಪ್ಪುವುದು. ಅಡಾಪ್ಟರ್ ಪಿನ್ನನ್ನು ರೌಟರ್‌ನಿಂದ ಕಳಚಿ ಮಲ್ಟಿಮೀಟರ್ ಹಿಡಿದರೆ 12 ಅಂತ ತೋರಿಸುತ್ತದೆ, "ಅಡಾಪ್ಟರ್ ಓಕೆ" ಎಂದು ಮುಂದೆ ಹೋಗುತ್ತಾರೆ. ಖಾಲಿ ಇರುವಾಗ ಸೋತ ಅಡಾಪ್ಟರ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹೊತ್ತು ಮುಳುಗಿದ ಮೇಲೆ ಮನೆಯವರ ಫೋನುಗಳು, ಟಿವಿ, ಲ್ಯಾಪ್‌ಟಾಪ್ ಎಲ್ಲ ಒಟ್ಟಿಗೆ ಸೇರಿ ವೈಫೈ ರೇಡಿಯೋ ಜೋರಾಗಿ ಕೆಲಸ ಮಾಡತೊಡಗಿದಾಗ ಅದೇ 12 ವೋಲ್ಟ್ ಕ್ಷಣಮಾತ್ರ ಕುಸಿಯುತ್ತದೆ, ಡಬ್ಬಿ ರೀಸ್ಟಾರ್ಟ್ ಆಗುತ್ತದೆ. ಹಗಲು ಸರಿಯಿದ್ದು ರಾತ್ರಿ ಕೈಕೊಡುವ ರೌಟರ್‌ಗಳ ಗುಟ್ಟು ಬಹಳ ಸಲ ಇಷ್ಟೇ. ಪರೀಕ್ಷೆಗೆ ಮೀಟರ್ ಬೇಕಿಲ್ಲ, ಇನ್ನೊಂದು ಅಡಾಪ್ಟರ್ ಹಾಕಿ ಎರಡು ದಿನ ನೋಡಿದರೆ ಸಾಕು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ಪಿನ್ನಿನ ನಡುಭಾಗ ಪ್ಲಸ್ ಎಂಬ ಚಿಹ್ನೆ ಎರಡರಲ್ಲೂ ಒಂದೇ ಇದೆಯೇ ನೋಡಿ. ಹಳೆಯ ರೌಟರ್‌ಗಳಲ್ಲಿ 9 ವೋಲ್ಟ್, 5 ವೋಲ್ಟ್‌ನವೂ ಇವೆ, ಅವಕ್ಕೆ 12 ಚುಚ್ಚಿದರೆ ಬೋರ್ಡೇ ಹೋಗುತ್ತದೆ. ಹೊಸದು ಕೊಳ್ಳುವಾಗ ಮೈಮೇಲೆ ಬಿಐಎಸ್ ಗುರುತು, ಐಎಸ್ 13252, ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ಓದಿ. ಕಂಪನಿಯೇ ಕೊಟ್ಟ ಡಬ್ಬಿಯಾದರೆ ಅಡಾಪ್ಟರ್ ಬದಲಿಸಿಕೊಡುವುದು ಕಂಪನಿಯ ಕೆಲಸ. ಕೇಳಿ ಪಡೆಯಿರಿ.

ಅಡಾಪ್ಟರ್ ಬದಲಿಸಿದರೂ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಶಾಖವನ್ನು ನೋಡಿ. ಹೆಚ್ಚಿನ ಡಬ್ಬಿಗಳನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಗೆ ತಯಾರಿಸಿರುತ್ತಾರೆ. ಸೆಟ್‌ಟಾಪ್ ಬಾಕ್ಸ್ ಮೇಲೆ, ಟಿವಿ ಹಿಂದೆ, ಬಾಗಿಲು ಹಾಕಿದ ಶೋಕೇಸ್ ಒಳಗೆ ಇಟ್ಟರೆ ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಕಡೆ ಆ ಗಡಿ ದಾಟಲು ಮಧ್ಯಾಹ್ನದವರೆಗೂ ಕಾಯಬೇಕಿಲ್ಲ. ಗೋಡೆಗೆ ನಿಲ್ಲಿಸಿ, ಗಾಳಿಕಿಂಡಿ ತೆರೆದಿರಲಿ.

ಇನ್ನು ಫೈಬರ್. ಬ್ರೌಸರ್‌ನಲ್ಲಿ 192.168.1.1 ಎಂದು ಹಾಕಿದರೆ ಡಬ್ಬಿಯ ಪುಟ ತೆರೆಯುತ್ತದೆ. ಯೂಸರ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಹಿಂಬದಿಯ ಸ್ಟಿಕ್ಕರ್ ಮೇಲಿರುತ್ತದೆ, ವಿಳಾಸ ಬೇರೆಯಿದ್ದರೆ ಅದೂ ಅಲ್ಲೇ ಇರುತ್ತದೆ. ಸ್ಟೇಟಸ್ ವಿಭಾಗದಲ್ಲಿ ಆಪ್ಟಿಕಲ್ ಅಥವಾ ಪಾನ್ ಎಂಬ ಪುಟವಿದೆ. ಅಲ್ಲಿ ಆರ್‌ಎಕ್ಸ್ ಪವರ್ (RX Power) ಎಂದು ಒಂದು ಸಂಖ್ಯೆ, ಮೈನಸ್‌ನಲ್ಲಿ, ಡಿಬಿಎಂ ಅಳತೆಯಲ್ಲಿ. ನಿಮ್ಮ ಮನೆಗೆ ಬೆಳಕು ಎಷ್ಟು ತಲುಪುತ್ತಿದೆ ಎಂಬ ಲೆಕ್ಕ ಅದು. ಮನೆ ಸಂಪರ್ಕಗಳಲ್ಲಿ ಹೆಚ್ಚಾಗಿ ಬಳಸುವ ಜಿಪಾನ್ ತಂತ್ರದ ಬಿ-ಪ್ಲಸ್ ವರ್ಗದಲ್ಲಿ ಡಬ್ಬಿಗೆ ಮೈನಸ್ 8ರಿಂದ ಮೈನಸ್ 27ರ ನಡುವೆ ಬೆಳಕು ಸಿಗಬೇಕು. ಮೈನಸ್ 18, 20, 22 ಇದ್ದರೆ ನೆಮ್ಮದಿ. ಮೈನಸ್ 25 ದಾಟಿದರೆ ಅಂಚಿನಲ್ಲಿದೆ. 27 ದಾಟಿದರೆ ನೆಟ್ ಬಂದು ಹೋಗುವ ಆಟ ಶುರುವಾಗುತ್ತದೆ.

ಈ ಅಳತೆಯಲ್ಲಿ ಪ್ರತಿ 3 ಅಂಕ ಕುಸಿದರೆ ಬೆಳಕು ಅರ್ಧಕ್ಕೆ ಇಳಿದಂತೆ. ಸಂಪರ್ಕ ಕೊಟ್ಟ ದಿನ ಮೈನಸ್ 20 ಇದ್ದದ್ದು ಇವತ್ತು ಮೈನಸ್ 26 ಆಗಿದ್ದರೆ ಬರುತ್ತಿರುವ ಬೆಳಕು ಆ ದಿನದ ಕಾಲು ಭಾಗ. ನೆಟ್ ಇನ್ನೂ ಓಡುತ್ತಿರಬಹುದು, ಸ್ಪೀಡ್ ಟೆಸ್ಟ್ ಕೂಡ ಚೆನ್ನಾಗಿಯೇ ಬರಬಹುದು. ಆದರೆ ಒಂದು ಮಳೆ, ಒಂದು ಬಾಗು ಸಾಕು, ಕೆಂಪು ದೀಪ ಬರುತ್ತದೆ. ಅದಕ್ಕೇ ಹೊಸ ಸಂಪರ್ಕ ಬಂದ ದಿನವೇ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ ಎನ್ನುವುದು. ಮುಂದೆ ಹೋಲಿಸಿ ನೋಡಲು ಬೇರೆ ಆಧಾರ ಇರುವುದಿಲ್ಲ.

ಬೆಳಕು ಎಲ್ಲಿ ಸೋರುತ್ತದೆ? ಕಂಪನಿಯ ಯಂತ್ರದಿಂದ ಸುಮಾರು ಪ್ಲಸ್ 3ರಲ್ಲಿ ಹೊರಟ ಬೆಳಕು ಕಂಬದ ಮೇಲಿನ ಸ್ಪ್ಲಿಟರ್‌ಗಳಲ್ಲಿ ಹಂಚಿಹೋಗುತ್ತದೆ. ಒಂದನ್ನು ಎಂಟು ಮಾಡುವ ಸ್ಪ್ಲಿಟರ್ ಸುಮಾರು 10.5 ಅಂಕ ತಿನ್ನುತ್ತದೆ. ಅಂಥವು ಎರಡು ದಾಟಿದರೆ 64 ಮನೆ, 21 ಅಂಕ. ಐದು ಕಿಲೋಮೀಟರ್ ಫೈಬರ್‌ಗೆ ಒಂದೂವರೆ ಅಂಕ, ಜಾಯಿಂಟ್‌ಗಳಿಗೆ ಒಂದು. ಕೂಡಿ ಕಳೆದರೆ ಮನೆಗೆ ಮೈನಸ್ 20ರ ಆಸುಪಾಸು ಬರಬೇಕು. ಇದಕ್ಕಿಂತ ತುಂಬ ಕೆಳಗಿದ್ದರೆ ಎಲ್ಲೋ ಒಂದು ಕಡೆ ಕೆಲಸ ಕೆಟ್ಟಿದೆ.

ಕೆಡುವ ಜಾಗಗಳು ಹೆಚ್ಚೇನಿಲ್ಲ. ತಂತಿಯನ್ನು ಕಿಟಕಿ ಸಂದಿಯಲ್ಲಿ ತೂರಿಸಿ ಕಿಟಕಿ ಹಾಕಿದರೆ, ಮೊಳೆಗೆ ಬಿಗಿಯಾಗಿ ಸುತ್ತಿದರೆ, ಮಂಚದ ಕಾಲಿನಡಿ ಸಿಕ್ಕಿದರೆ ಗಾಜಿನೆಳೆ ಮುರಿಯದಿದ್ದರೂ ಬಾಗಿನಲ್ಲಿ ಬೆಳಕು ಹೊರಚೆಲ್ಲುತ್ತದೆ. ಬಾಗು ತಡೆಯುವ ಒಳ್ಳೆಯ ಜಾತಿಯ ಫೈಬರ್‌ಗೂ ಸುತ್ತಿನ ತ್ರಿಜ್ಯ 7.5 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದು, ಹಳೆಯ ಬಗೆಯದಕ್ಕೆ 30 ಮಿಲಿಮೀಟರ್ ಬೇಕು. ಉಳಿದ ತಂತಿಯನ್ನು ಅಂಗೈ ಅಗಲದ ಸುತ್ತು ಮಾಡಿ ಸಡಿಲವಾಗಿ ಇಟ್ಟರೆ ಚಿಂತೆಯಿಲ್ಲ. ಇನ್ನೊಂದು ಜಾಗ ತುದಿಯ ಕನೆಕ್ಟರ್. ಹಸಿರು ಬಣ್ಣದ್ದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಹಾಗಿಲ್ಲ. ಹಸಿರು ಸಾಕೆಟ್‌ಗೆ ನೀಲಿ ಚುಚ್ಚಿದರೆ ನಡುವೆ ಸಂದಿ ಉಳಿದು ಹಲವು ಅಂಕ ಹೋಗುತ್ತದೆ, ಕೂರುವುದೇನೋ ಸರಿಯಾಗೇ ಕೂರುತ್ತದೆ. ತುದಿಗೆ ಬೆರಳು ಮುಟ್ಟಿಸಬೇಡಿ, ಅಂಗಿಯಲ್ಲಿ ಒರೆಸಬೇಡಿ, ಕಣ್ಣ ಹತ್ತಿರ ಹಿಡಿದು ಇಣುಕಲೇಬೇಡಿ. ಅಲ್ಲಿ ಬರುವುದು 1490 ನ್ಯಾನೋಮೀಟರ್‌ನ ಕಣ್ಣಿಗೆ ಕಾಣದ ಲೇಸರ್.

ಮೂರನೆಯದು ಜಾಯಿಂಟ್, ಇದರ ಬಗ್ಗೆ ಖಂಡಿತವಾಗಿ ಒಂದು ಮಾತು ಹೇಳಬೇಕು. ತಂತಿ ಕಡಿದಾಗ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಕರಗಿಸಿ ಬೆಸೆದರೆ 0.1 ಅಂಕವೂ ಹೋಗುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಯಂತ್ರ ತರದೆ ಬಂದವರು ಫಾಸ್ಟ್ ಕನೆಕ್ಟರ್ ಹಾಕಿ ಹೋಗುತ್ತಾರೆ. ಅದರೊಳಗೆ ಎರಡು ಗಾಜಿನ ತುದಿಗಳು ಒಂದು ಜೆಲ್ ಮೂಲಕ ಮುಟ್ಟಿಕೊಂಡಿರುತ್ತವೆ ಅಷ್ಟೇ. ಹಾಕಿದ ದಿನ ರೀಡಿಂಗ್ ಚೆನ್ನಾಗಿರುತ್ತದೆ. ಬಿಸಿಲು, ತೇವಕ್ಕೆ ಜೆಲ್ ಒಣಗಿ, ತುದಿ ಸರಿದು ತಿಂಗಳಾನುಗಟ್ಟಲೆಯಲ್ಲಿ ಅಂಕ ಇಳಿಯುತ್ತಾ ಹೋಗುತ್ತದೆ. ಹೊರಗೆ ಮಳೆ ಬೀಳುವ ಜಾಗದಲ್ಲಿ ಟೇಪ್ ಸುತ್ತಿದ ಫಾಸ್ಟ್ ಕನೆಕ್ಟರ್ ಒಪ್ಪಲೇಬಾರದು. ಬೆಸೆದು, ರಕ್ಷಣೆಯ ಸ್ಲೀವ್ ಹಾಕಿ, ಮುಚ್ಚಿದ ಜಾಯಿಂಟ್ ಪೆಟ್ಟಿಗೆಯಲ್ಲಿಡಿ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ಮಲೆನಾಡಿನಲ್ಲಿ ಈ ಮಾತಿಗೆ ಹೆಚ್ಚು ತೂಕ. 2020ರ ಲಾಕ್‌ಡೌನ್‌ನಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂತು ಕೆಲಸ ಮಾಡಿದವರು, ಓದಿದವರು ಆ ಭಾಗದಲ್ಲಿ ಎಷ್ಟೋ ಜನ. ಆಮೇಲೆ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಫೈಬರ್ ಬಂತು. ಗಾಳಿಮಳೆಗೆ ಕೊಂಬೆ ಬೀಳುತ್ತದೆ, ಅಳಿಲು ಕಡಿಯುತ್ತದೆ, ಮಂಗ ಜೋತಾಡುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಂದೇ ಲೈನ್‌ಗೆ ಹಲವು ಜಾಯಿಂಟ್ ಸೇರುತ್ತವೆ. ಪ್ರತಿಯೊಂದರಲ್ಲೂ ಅರ್ಧ ಅಂಕ ಹೋದರೂ ಲೆಕ್ಕ ಎಲ್ಲಿಗೆ ಬರುತ್ತದೆ ನೋಡಿ. ಸಿಡಿಲಿನ ವಿಷಯಕ್ಕೆ, ಗಾಜು ವಿದ್ಯುತ್ ಹರಿಸುವುದಿಲ್ಲ. ಆದರೆ ತಂತಿಯ ಭಾರ ಹೊರಲು ಜೊತೆಗೊಂದು ಉಕ್ಕಿನ ಎಳೆ ಇರುತ್ತದೆ. ಆ ಎಳೆಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಿರಬೇಕು, ಮನೆಯೊಳಗೆ ತರಬಾರದು. ಗುಡುಗು ಶುರುವಾದಾಗ ಅಡಾಪ್ಟರ್ ಜೊತೆಗೆ ಕಂಪ್ಯೂಟರ್‌ಗೆ ಹೋಗುವ ಲ್ಯಾನ್ ಕೇಬಲ್ಲನ್ನೂ ಕಳಚಿ. ಬಹಳ ಸಲ ಮೊದಲು ಸುಡುವುದು ಆ ಪೋರ್ಟೇ.

ಡಬ್ಬಿಯ ಪುಟ ಲಾಕ್ ಆಗಿದ್ದರೆ? ಕೆಲವು ಕಂಪನಿಗಳು ಗ್ರಾಹಕರಿಗೆ ಆಪ್ಟಿಕಲ್ ಪುಟ ತೋರಿಸುವುದಿಲ್ಲ. ಆದರೆ ಅದೇ ಸಂಖ್ಯೆ ಕಂಪನಿಯ ಕಡೆಯ ಯಂತ್ರದಲ್ಲೂ ಕಾಣುತ್ತದೆ. ಅಷ್ಟೇ ಅಲ್ಲ, ಕರೆಂಟ್ ಹೋಗಿ ಡಬ್ಬಿ ಆರುವಾಗ ತನ್ನೊಳಗೆ ಉಳಿದ ಚೂರು ವಿದ್ಯುತ್ತಿನಲ್ಲಿ "ನನಗೆ ಪವರ್ ಹೋಯಿತು" ಎಂಬ ಕೊನೆಯ ಸಂದೇಶವೊಂದನ್ನು ಕಳಿಸುವ ವ್ಯವಸ್ಥೆ ಈ ತಂತ್ರದಲ್ಲೇ ಇದೆ. ಆ ಸಂದೇಶ ಬಂದು ಸಂಪರ್ಕ ಕಡಿದರೆ ಪವರ್ ತೊಂದರೆ, ಬರದೆ ಕಡಿದರೆ ಫೈಬರ್ ತೊಂದರೆ. ಅಂದರೆ ಗ್ರಾಹಕರು ಫೋನ್ ಮಾಡುವ ಮೊದಲೇ ಅಡಾಪ್ಟರೋ ಲೈನೋ ಎಂಬ ಸುಳಿವು ಕಂಪನಿಯ ಹತ್ತಿರ ಇರಬೇಕು. ಫೋನ್ ಎತ್ತುವ ಹುಡುಗರ ಕಂಪ್ಯೂಟರ್‌ಗೆ ಆ ಮಾಹಿತಿ ಕೊಡದೆ, ಕೈಗೊಂದು ಸಿದ್ಧ ಮಾತು ಕೊಟ್ಟು ಕೂರಿಸಿರುವುದು ಗ್ರಾಹಕರಿಗೂ ಆ ಹುಡುಗರಿಗೂ ಮಾಡುವ ಅನ್ಯಾಯ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. "ನೆಟ್‌ವರ್ಕ್ ಟೀಮ್‌ನಿಂದ ನನ್ನ ಡಬ್ಬಿಯ ಆರ್‌ಎಕ್ಸ್ ಪವರ್ ಮತ್ತು ಕೊನೆಯ ಡಿಸ್‌ಕನೆಕ್ಟ್ ಕಾರಣ ತಿಳಿಸಿ" ಎಂದು ದೂರಿನಲ್ಲಿ ಬರೆಸಿ. ಈ ಒಂದು ಸಾಲಿನಿಂದ ದೂರು ಮೇಲಿನ ಹಂತಕ್ಕೆ ಹೋಗುವ ಸಾಧ್ಯತೆ ಹೆಚ್ಚುತ್ತದೆ.

ನೆಟ್ ಪೂರ್ತಿ ಹೋಗದೆ ನಿಧಾನ ಮಾತ್ರ ಆಗಿದ್ದರೆ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ನೇರ ಡಬ್ಬಿಗೆ ಜೋಡಿಸಿ ಪರೀಕ್ಷಿಸಿ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ 192.168.1.1ಕ್ಕೆ, ಅಂದರೆ ಡಬ್ಬಿಗೆ, ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ಕೇಳುವ ಆಜ್ಞೆ ಅದು), ಆಮೇಲೆ ಹೊರಗಿನ ಗೂಗಲ್ ಸರ್ವರ್ ಆದ 8.8.8.8ಕ್ಕೆ. ಕೇಬಲ್‌ನಲ್ಲೂ ಮೊದಲನೆಯದರಲ್ಲೇ ಉತ್ತರ ತಪ್ಪುತ್ತಿದ್ದರೆ ಕೇಬಲ್ ಅಥವಾ ಡಬ್ಬಿಯೇ ಕೆಟ್ಟಿದೆ. ಮೊದಲನೆಯದು ಸರಿಯಿದ್ದು ಎರಡನೆಯದು ತಪ್ಪುತ್ತಿದ್ದರೆ ಲೈನ್ ಅಥವಾ ಕಂಪನಿಯ ಕಡೆ. ಎರಡೂ ಸರಿಯಿದ್ದು ವೆಬ್‌ಸೈಟ್ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಸಂಖ್ಯೆಯ ವಿಳಾಸ ಹುಡುಕಿಕೊಡುವ ಸರ್ವರ್, ಬದಲಿಸಿ. ಕೇಬಲ್‌ನಲ್ಲಿ ಎಲ್ಲ ಚೆನ್ನಾಗಿದ್ದರೆ ತೊಂದರೆ ವೈಫೈನದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಖಾಲಿ ಇರುವುದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಕರಾವಳಿಯ ಕೆಂಪುಕಲ್ಲಿನ ಗೋಡೆ, ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟಲಾರದು. ಅಂಥ ಮನೆಗೆ ರಿಪೀಟರ್‌ಗಿಂತ ಕ್ಯಾಟ್ 6 ಕೇಬಲ್ ಎಳೆದು ಎರಡನೆಯ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಇನ್ನೊಂದು ಡಬ್ಬಿ) ಹಾಕುವುದು ಎಷ್ಟೋ ಮೇಲು. ಒಂದೇ ರೇಡಿಯೋದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧವಾಗುತ್ತದೆ.

200 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಸ್ಪೀಡ್ ಟೆಸ್ಟ್ 94ಕ್ಕೇ ನಿಲ್ಲುತ್ತಿದ್ದರೆ ಡಬ್ಬಿಯ ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಲ್ಯಾನ್ ಕೇಬಲ್‌ನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದೆ. ಗಿಗಾಬಿಟ್ ಪೋರ್ಟ್ ಇಲ್ಲದ ಡಬ್ಬಿ ಕೊಟ್ಟು ಹೆಚ್ಚಿನ ಪ್ಲಾನ್ ಮಾರಿದ್ದರೆ ಡಬ್ಬಿ ಬದಲಿಸಲು ಪಟ್ಟು ಹಿಡಿಯಿರಿ.

ಒಂದು ಎಚ್ಚರಿಕೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿದರೆ ಲಾಗಿನ್ ಹೆಸರು, ಪಾಸ್‌ವರ್ಡ್, ಕಂಪನಿ ಸಂಪರ್ಕಕ್ಕೆ ಕೊಟ್ಟ ವಿಲಾನ್ (VLAN) ಸಂಖ್ಯೆ ಎಲ್ಲ ಅಳಿಸಿಹೋಗುತ್ತದೆ. ಕೆಲವು ಕಂಪನಿಗಳ ಡಬ್ಬಿ ಅದನ್ನು ತಾನಾಗಿ ಮತ್ತೆ ಪಡೆಯುತ್ತದೆ, ಎಷ್ಟೋ ಕಡೆ ಟೆಕ್ನಿಷಿಯನ್ ಬರುವವರೆಗೆ ಕಾಯಬೇಕು. ಈ ವಿವರಗಳಿರುವ ವ್ಯಾನ್ (WAN) ಪುಟದ ಫೋಟೋ ಇಟ್ಟುಕೊಳ್ಳದೆ ಆ ತೂತು ಮುಟ್ಟಬೇಡಿ.

ಟೆಕ್ನಿಷಿಯನ್ ಬಂದಾಗ ಬೆಳಕು ಅಳೆಯುವ ಪವರ್ ಮೀಟರ್ ಹಿಡಿದು ರೀಡಿಂಗ್ ತೋರಿಸಲು ಹೇಳಿ. ಪಕ್ಕದ ಮನೆಯದೂ ಅದೇ ಸ್ಪ್ಲಿಟರ್ ಆಗಿದ್ದರೆ ಅವರ ಸಂಖ್ಯೆ ಕೇಳಿ. ಇಬ್ಬರದೂ ಕುಸಿದಿದ್ದರೆ ಕೆಲಸ ಕಂಬದ ಕಡೆ, ನಿಮ್ಮದು ಮಾತ್ರವಾದರೆ ಕಂಬದಿಂದ ಮನೆಗೆ ಬರುವ ತಂತಿಯಲ್ಲಿ. ಕೆಲಸ ಮುಗಿದ ಮೇಲಿನ ಸಂಖ್ಯೆ ಮೈನಸ್ 25ಕ್ಕಿಂತ ಕೆಳಗೇ ಉಳಿದಿದ್ದರೆ ಟಿಕೆಟ್ ಮುಚ್ಚುವ ಒಟಿಪಿ ಕೊಡಬೇಡಿ.

ಅಷ್ಟಾಗಿಯೂ ಸರಿಹೋಗದಿದ್ದರೆ ಕಾನೂನಿನ ದಾರಿ ಇದೆ, ಅದಕ್ಕೆ ವಕೀಲರೇ ಬೇಕೆಂದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದರೆ ಅದು ಬಿಡಿ ದೂರುಗಳನ್ನು ತಾನೇ ವಿಚಾರಣೆ ಮಾಡುವುದಿಲ್ಲ. ಅದರ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಪಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ಕೆಟ್ಟು ನಿಂತ ದಿನಗಳಿಗೆ ಬಾಡಿಗೆ, ಅಂದರೆ ಪ್ಲಾನ್‌ನ ತಿಂಗಳ ಹಣ, ಕಡಿತ ಕೇಳಲು ಹಿಂಜರಿಯಬೇಡಿ. 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮಗಳಲ್ಲೇ ಮೂರು ಕೆಲಸದ ದಿನ ಮೀರಿ ಏಳರೊಳಗೆ ಸರಿಯಾದರೆ 7 ದಿನದ, ಹದಿನೈದರೊಳಗಾದರೆ 15 ದಿನದ, ಅದನ್ನೂ ಮೀರಿದರೆ ಒಂದು ತಿಂಗಳ ಬಾಡಿಗೆ ಬಿಡಬೇಕೆಂದಿತ್ತು. 2024ರ ಅಕ್ಟೋಬರ್ 1ರಿಂದ ಹೊಸ ಗುಣಮಟ್ಟ ನಿಯಮಗಳು ಬಂದಿವೆ, ಮೇಲ್ಮನವಿಯಲ್ಲಿ ಅವನ್ನು ಹೆಸರಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಟೆಲಿಕಾಂ ದೂರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂದು ಕಂಪನಿಗಳು ಹಿಂದೆ ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದೆ. ಜಿಲ್ಲಾ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಅಲ್ಲಿ ನಿಲ್ಲುವುದು ಸಿಟ್ಟಿನ ಪತ್ರವಲ್ಲ. ತಾರೀಖು, ದೀಪದ ಫೋಟೋ, ಆರ್‌ಎಕ್ಸ್ ಸಂಖ್ಯೆ, ಪಿಂಗ್ ಫಲಿತಾಂಶ, ಡಾಕೆಟ್ ನಂಬರ್ ಇರುವ ಒಂದು ಹಾಳೆ.

ಕೊನೆಗೆ ಕಂಪನಿ ಬದಲಿಸುವುದೇ ಸರಿ ಎನಿಸಿದರೆ ಡಬ್ಬಿ ಬಾಡಿಗೆಯದೋ, ಠೇವಣಿಯದೋ, ಹಣ ಕೊಟ್ಟು ಕೊಂಡದ್ದೋ ಎಂದು ಮೊದಲ ಬಿಲ್ ತೆಗೆದು ನೋಡಿ. ಹಿಂದಿರುಗಿಸುವಾಗ ಸೀರಿಯಲ್ ನಂಬರ್ ಮತ್ತು ಅಡಾಪ್ಟರ್ ಎರಡನ್ನೂ ನಮೂದಿಸಿದ ರಸೀದಿ ಪಡೆಯಿರಿ. ಬಂದ ಹುಡುಗ "ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗುತ್ತೆ" ಎಂದು ಡಬ್ಬಿ ಒಯ್ದು, ತಿಂಗಳ ಮೇಲೆ ಡಬ್ಬಿ ಕೊಟ್ಟಿಲ್ಲವೆಂದು ಬಿಲ್ ಬಂದರೆ ತೋರಿಸಲು ಬೇರೇನೂ ಇರುವುದಿಲ್ಲ.